ಮರಿಸಿದ್ದಯ್ಯನ ರೇಡಿಯೇಟರ್ ಮೌಂಟು

ಮರಿಸಿದ್ದಯ್ಯ ಸುಳ್ಳು ಹೇಳುವುದರಲ್ಲಿ ಪಳಗಿದವನಲ್ಲ. ಮಂಡ್ಯದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ, ಬೇರೆಯವರು ಹೇಳಿದ ಸುಳ್ಳುಗಳನ್ನು ಅಚ್ಚುಕಟ್ಟಾಗಿ ಫೈಲಿಗೆ ಸೇರಿಸಿ ಅಭ್ಯಾಸವಿತ್ತೇ ಹೊರತು, ಸ್ವಂತದ್ದೊಂದನ್ನು ಕಟ್ಟಿ ನಿಲ್ಲಿಸಿದ ಅನುಭವ ಅವನಿಗಿರಲಿಲ್ಲ. ಹೀಗಾಗಿ ತನ್ನ ಕಾರನ್ನು ಭಾವನ ಕೈಯಿಂದ ಉಳಿಸಿಕೊಳ್ಳಲು ಒಂದು ಸುಳ್ಳು ಬೇಕಾಗಿ ಬಂದಾಗ, ಅದನ್ನು ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ತಯಾರಿಸಿದ. ಎಡವಟ್ಟಾದದ್ದು ಅಲ್ಲೇ.

ಕಾರು ಬೂದು ಬಣ್ಣದ್ದು, ಸೆಕೆಂಡ್ ಹ್ಯಾಂಡು. ಭಾನುವಾರ ಭಾನುವಾರ ಮರಿಸಿದ್ದಯ್ಯ ಅದಕ್ಕೆ ಶಾಂಪೂ ಹಾಕಿ ಸ್ನಾನ ಮಾಡಿಸುತ್ತಿದ್ದ. ತನ್ನ ತಲೆಗೆ ಸೋಪೇ ಸಾಕು ಅನ್ನುತ್ತಿದ್ದ. ಹೆಂಡತಿ ಶಶಿರೇಖಾ ಚಪ್ಪಲಿಯ ಮಣ್ಣು ಕೊಡವದೆ ಕಾರು ಹತ್ತುವಂತಿರಲಿಲ್ಲ. ಇಂಥ ಕಾರನ್ನು ಹಿಂದಿನ ವರ್ಷ ಅವಳ ಅಣ್ಣ, ಕಿರುಗಾವಲಿನ ತಿಮ್ಮಯ್ಯ, ಯಾರದೋ ಬೀಗರೂಟಕ್ಕೆಂದು ಒಯ್ದಿದ್ದ. ವಾಪಸು ಬಂದಾಗ ಹಿಂದಿನ ಸೀಟಿನ ಸಂದಿಯಲ್ಲಿ ಒಂದು ನಲ್ಲಿ ಮೂಳೆ ಸಿಕ್ಕಿತು. ಆ ಮಸಾಲೆಯ ವಾಸನೆ ದೀಪಾವಳಿ ಕಳೆದರೂ ಹೋಗಲಿಲ್ಲ. ಅಂದೇ ಮರಿಸಿದ್ದಯ್ಯ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದ್ದ. ಅವನ ಪ್ರತಿಜ್ಞೆಗಳೆಲ್ಲ ಮನಸ್ಸಿನಲ್ಲೇ ಇರುತ್ತಿದ್ದವು.

ಈಗ ಮತ್ತೆ ತಿಮ್ಮಯ್ಯನ ಫೋನು ಬಂತು.

"ಬಾವ, ಭಾನುವಾರ ನಮ್ ಶಾಲಿನಿಗೆ ಮದ್ದೂರಲ್ಲಿ ಪರೀಕ್ಷೆ ಅದೆ. ಗಾಡಿ ಬೇಕಾಗದೆ."

ಶಾಲಿನಿ ತಿಮ್ಮಯ್ಯನ ಮಗಳು. ಊರಿನ ಹತ್ತಿರದ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತ, ಬಂದ ಗಂಡುಗಳನ್ನು ಒಬ್ಬೊಬ್ಬರನ್ನಾಗಿ ವಾಪಸು ಕಳಿಸುತ್ತ, ವರ್ಷಗಳಿಂದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದವಳು. ಹಿಂದಿನ ಸಲ ಸ್ವಲ್ಪದರಲ್ಲಿ ಕೈತಪ್ಪಿತ್ತು. ಇದು ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ನಡೆಯುವ ಪರೀಕ್ಷೆ. ಮುಂದಿನ ಸಲ ಅರ್ಜಿ ಹಾಕುವ ವಯಸ್ಸು ಅವಳಿಗೆ ಉಳಿದಿರಲಿಲ್ಲ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮರಿಸಿದ್ದಯ್ಯನಿಗೂ ಗೊತ್ತಿತ್ತು. ಆದರೆ ಫೋನಿನಲ್ಲಿ ತಿಮ್ಮಯ್ಯನ ದನಿ ಕೇಳಿದೊಡನೆ ಅವನ ಮೂಗಿಗೆ ಮಸಾಲೆಯ ವಾಸನೆ ಬಂತು, ಮಿಕ್ಕಿದ್ದೆಲ್ಲ ಮರೆತುಹೋಯಿತು.

"ಗಾಡಿ ಸರಿಯಿಲ್ಲ ಬಾವ," ಅಂದುಬಿಟ್ಟ.

"ಏನಾಗದೆ?"

ಪಂಚರ್ ಅಂದರೆ ಹಾಕಿಸಬಹುದು, ಬ್ಯಾಟರಿ ಅಂದರೆ ತಳ್ಳಬಹುದು. ಯಾರೂ ಹೆಸರೇ ಕೇಳದ ಕಾಯಿಲೆ ಬೇಕಿತ್ತು. ಹಿಂದಿನ ದಿನ ಶಾಲೆಯಲ್ಲಿ ಕೆಲಸವಿಲ್ಲದಾಗ ಫೋನಿನಲ್ಲಿ ನೋಡಿದ್ದ ಒಂದು ವಿಡಿಯೊ ಅವನ ನೆರವಿಗೆ ಬಂತು.

"ರೇಡಿಯೇಟರ್ ಮೌಂಟು ಲೂಸಾಗದೆ."

"ಅಂಗಂದ್ರೆ?"

"ಮುಂದ್ಗಡೆ ನೀರಿನ ಪೆಟ್ಟಿಗೆ ಇರ್ತದಲ್ಲ ಬಾವ, ಅದು ರಬ್ಬರ್ ಮೇಲೆ ಕೂತಿರ್ತದೆ. ಆ ರಬ್ಬರ್ ಸವೆದೋಗದೆ. ಹಿಂಗೇ ಓಡ್ಸುದ್ರೆ ಪೆಟ್ಟಿಗೆ ಅದುರಿ ಅದುರಿ ಪೈಪ್ ಕಿತ್ಕಂಡು, ನೀರೆಲ್ಲ ಸುರಿದು, ಇಂಜಿನ್ ಬೆಂದೋಯ್ತದೆ."

ಇಲ್ಲಿಗೆ ನಿಲ್ಲಿಸಿದ್ದರೆ ಸುಳ್ಳು ಬದುಕುತ್ತಿತ್ತು. ತಿಮ್ಮಯ್ಯ ಸುಮ್ಮನೆ, "ನಿಂಗೆಂಗ್ ಗೊತ್ತಾಯ್ತು?" ಅಂದ. ಯಾರೂ ಯಾವತ್ತೂ ಮರಿಸಿದ್ದಯ್ಯನನ್ನು ಹಾಗೆ ಕೇಳಿದವರಲ್ಲ. ಕೇಳಿದ್ದೇ ಅವನಿಗೆ ಪಾಠ ಮಾಡುವ ಹುಮ್ಮಸ್ಸು ಬಂತು.

"ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಪೆಟ್ಟಿಗೇನ ಮೇಲ್ಗಡೆ ಎರಡೂ ಕೈಲಿ ಹಿಡ್ಕಂಡು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡ್ಸಿ ನೋಡ್ಬೇಕು. ಒಂಚೂರು ಆಡುದ್ರೆ ತೊಂದ್ರೆ ಇಲ್ಲ. ಟಕ್ ಟಕ್ ಅಂತ ಬಡ್ಕಂಡ್ರೆ ಮೌಂಟು ಓಗದೆ ಅಂತ."

ಇಡೀ ಪಾಠದಲ್ಲಿ ಮುಖ್ಯವಾದ ಮಾತು 'ಮೆಲ್ಲಗೆ' ಎಂಬುದು. ಫೋನಿನಲ್ಲಿ ತಿಮ್ಮಯ್ಯನಿಗೆ ಅದೊಂದೇ ಕೇಳಿಸಲಿಲ್ಲ.

"ಆಯ್ತು ಬುಡು," ಅಂದ ತಿಮ್ಮಯ್ಯ. "ಶನಿವಾರ ಬತ್ತೀವಿ. ಅಲ್ಲಾಡ್ಸಿ ನೋಡುವ."

ಶನಿವಾರ ಬೆಳಿಗ್ಗೆ ತಿಮ್ಮಯ್ಯ, ಅವನ ತಾಯಿ ಪಟ್ಟಲಮ್ಮ, ಶಾಲಿನಿ ಮೂವರೂ ಮಂಡ್ಯದಲ್ಲಿ ಇಳಿದರು. ಬಸ್ಸಿನಲ್ಲೇ ಬಂದಿದ್ದರು, ಸೀಟೂ ಸಿಕ್ಕಿತ್ತು. ಪಟ್ಟಲಮ್ಮ ಬಾಗಿಲಲ್ಲೇ ನಿಂತು ಅಳಿಯನನ್ನು ವಿಚಾರಿಸಿಕೊಂಡಳು.

"ಏನ್ ಅಳೀಮಯ್ಯ, ಮೊಮ್ಮಗಳು ಆಪೀಸರ್ ಆಗೋ ವತ್ನಲ್ಲಿ ಗಾಡಿಗೆ ಕಾಯ್ಲೆ ಬಂದದಂತೆ? ನಮ್ ಕಡೆ ಸಾವು ನೋವಿದ್ದಾಗ ಬರಾಕಿಲ್ವಲ್ಲ ಈ ಕಾಯ್ಲೆ, ಸುಬ ಕಾರ್ಯಕ್ಕೇ ಬತ್ತದೆ."

"ಅತ್ತೆ, ಅದು ರಬ್ಬರು..."

"ರಬ್ಬರೋ ಮನ್ಸೋ, ನೋಡುವ."

ಶಾಲಿನಿ ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. "ಅಪ್ಪ, ನಾನು ಇವತ್ತು ಇಲ್ಲೇ ಅತ್ತೆ ಮನೇಲಿ ಉಳ್ಕತೀನಿ. ಮಂಡ್ಯದಿಂದ ಮದ್ದೂರಿಗೆ ಬೇಕಾದಷ್ಟು ಬಸ್ಸು. ಬೆಳಿಗ್ಗೆ ಎದ್ದು ಓಗ್ಬುಡ್ತೀನಿ," ಅಂದಳು.

ಇದಕ್ಕಿಂತ ಬುದ್ಧಿವಂತಿಕೆಯ ಮಾತನ್ನು ಆ ಎರಡು ದಿನಗಳಲ್ಲಿ ಬೇರೆ ಯಾರೂ ಆಡಲಿಲ್ಲ. ಆದರೆ ತಿಮ್ಮಯ್ಯ ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ. ಮಗಳು ಕಾರಿನಲ್ಲಿ ಪರೀಕ್ಷೆಗೆ ಹೋಗುತ್ತಾಳೆಂದು ಕಿರುಗಾವಲಿನ ಟೀ ಅಂಗಡಿಯಲ್ಲಿ ಆಗಲೇ ಘೋಷಣೆಯಾಗಿತ್ತು.

"ಆಪೀಸರ್ ಆಗೋಳು ಬಸ್ಸಲ್ಲಿ ನೇತಾಡ್ಕಂಡ್ ಓಗದಾ? ಊರಿಂದ, ಗುಡಿ ಮುಂದ್ಲಿಂದ, ನಾಕ್ ಜನ ನೋಡಂಗೆ ಕಾರಲ್ಲಿ ಓಗ್ಬೇಕು. ಬಾನೆಟ್ ಎತ್ತು ಬಾವ."

ಮರಿಸಿದ್ದಯ್ಯ ಎತ್ತಿದ. ತಿಮ್ಮಯ್ಯ ಪಂಚೆ ಎತ್ತಿ ಕಟ್ಟಿ, ಬಂಪರಿಗೆ ಒಂದು ಕಾಲು ಕೊಟ್ಟು, ಕೊಟ್ಟಿಗೆಯ ಗೂಟ ಕೀಳುವವನಂತೆ ರೇಡಿಯೇಟರನ್ನು ಹಿಡಿದು ಎಳೆದ. ಇಡೀ ಕಾರು ನಮಸ್ಕಾರ ಮಾಡಿತು. ರೇಡಿಯೇಟರು ಅಲ್ಲಾಡಲಿಲ್ಲ.

"ಗಟ್ಟಿಯಾಗೇ ಅದೆಯಲ್ಲ," ಅಂದ ತಿಮ್ಮಯ್ಯ.

"ಮೆಲ್ಲಗೆ ಬಾವ. ಹಂಗೆ ಎಳೀಬಾರ್ದು."

"ಯಾಕೆ? ಆಗ್ಲೇ ಓಗದೆ ಅಂತೀಯ. ಓಗಿರದ್ರಲ್ಲಿ ಇನ್ನೇನ್ ಓಯ್ತದೆ?"

ಚೆನ್ನಾಗಿದೆ, ಆದ್ದರಿಂದ ಎಳೆಯಬೇಡ ಅನ್ನುವಂತಿಲ್ಲ. ಕೆಟ್ಟಿದೆ ಅಂದಮೇಲೆ ಎಳೆದರೆ ನಷ್ಟವಿಲ್ಲ. ತಾನು ತೋಡಿದ ಗುಂಡಿಯ ಪಕ್ಕ ನಿಂತು ಮರಿಸಿದ್ದಯ್ಯ, "ಸ್ವಲ್ಪ ಆಡ್ತು ಅನ್ಸುತ್ತೆ," ಅಂದ. ಇದರಿಂದ ತಿಮ್ಮಯ್ಯ ಇನ್ನೊಂದು ಸಲ ಎಳೆಯಬೇಕಾಯಿತು.

ಸದ್ದು ಕೇಳಿ ಪಕ್ಕದ ಮನೆಯ ನಾಗಯ್ಯ ಗೇಟು ತೆರೆದುಕೊಂಡು ಬಂದ. ಸಾರಿಗೆ ಕಚೇರಿಯಲ್ಲಿ ಟಪಾಲು ವಿಭಾಗದಲ್ಲಿದ್ದು ನಿವೃತ್ತನಾದವನು. ಹಾಗಾಗಿ ಬೀದಿಯಲ್ಲಿ ವಾಹನಗಳ ವಿಷಯಕ್ಕೆ ಅವನದೇ ಕೊನೆಯ ಮಾತು. ಸಂಗತಿ ಕೇಳಿ ಕನ್ನಡಕ ಏರಿಸಿ, "ಹಿಂದಕ್ಕೂ ಮುಂದಕ್ಕೂ ಅಲ್ಲ ಕಣಪ್ಪ, ಎಡಕ್ಕೂ ಬಲಕ್ಕೂ ಆಡಿಸ್ಬೇಕು. ನಮ್ಮ ಇನ್‌ಸ್ಪೆಕ್ಟ್ರು ಹಂಗೇ ನೋಡೋರು," ಎಂದು ಎಡಕ್ಕೂ ಬಲಕ್ಕೂ ಆಡಿಸಿದ. ಆಡಿಸಿ, "ಏನೂ ಆಗಿಲ್ಲ. ಇನ್ನು ಹತ್ತು ವರ್ಷ ಬರ್ತದೆ," ಎಂದು ತೀರ್ಪು ಕೊಟ್ಟ.

ಅಷ್ಟರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಬೀಟ್ ಪೊಲೀಸಿನವನೊಬ್ಬ ಜನ ಸೇರಿದ್ದನ್ನು ನೋಡಿ ನಿಲ್ಲಿಸಿದ. ಅಪಘಾತವಲ್ಲ, ಜಗಳವೂ ಅಲ್ಲ ಎಂದು ತಿಳಿದು ಅವನಿಗೆ ಸ್ವಲ್ಪ ನಿರಾಶೆಯಾಯಿತು. ಆದರೂ ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರದೋ ಕೊರಳಪಟ್ಟಿ ಹಿಡಿದಂತೆ ರೇಡಿಯೇಟರನ್ನು ಹಿಡಿದು ಜಗ್ಗಿದ.

"ಯಾರ್ರೀ ಲೂಸು ಅಂದೋರು?"

ಎಲ್ಲರೂ ಮರಿಸಿದ್ದಯ್ಯನ ಕಡೆ ನೋಡಿದರು.

"ರೇಡಿಯೇಟ್ರಂತೂ ಲೂಸಿಲ್ಲ," ಅಂದ ಪೊಲೀಸಿನವನು. ಬೀದಿಯೆಲ್ಲ ನಕ್ಕಿತು. ಪಟ್ಟಲಮ್ಮ ನಗಲಿಲ್ಲ. ಹತ್ತಿರ ಬಂದು, ಎಲ್ಲರೂ ಮುಟ್ಟಿದ ಮೇಲೆ ತಾನೇಕೆ ಬಿಡಬೇಕೆಂದು, ಎರಡೂ ಅಂಗೈ ಇಟ್ಟು ಒಮ್ಮೆ ತಳ್ಳಿದಳು. ಕಬ್ಬಿನ ಹೊರೆ ಹೊತ್ತ ಕೈಗಳು ಅವು. ಒಳಗೆಲ್ಲೋ 'ಚಟ್' ಎಂಬ ಸಣ್ಣ ಸದ್ದಾಯಿತು. ಮರಿಸಿದ್ದಯ್ಯನಿಗೆ ಮಾತ್ರ ಕೇಳಿಸಿತು. ತನ್ನ ಎದೆಯದೇ ಇರಬೇಕು ಅಂದುಕೊಂಡ.

ಶಶಿರೇಖಾ ಒಳಗೆ ಕರೆದು ಗಂಡನಿಗೆ ಹೇಳಿದಳು: "ನಮ್ಮಣ್ಣನ ಮುಂದೆ ನನ್ನ ಮಾನ ತೆಗೆದ್ರಿ. ಗಾಡಿ ಕೊಡಕ್ಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು. ಅದಕ್ಕೂ ಧೈರ್ಯ ಇಲ್ಲ."

ಅದೇ ನಿಜವಾಗಿತ್ತಾದ್ದರಿಂದ ಮರಿಸಿದ್ದಯ್ಯ ಕಾರಿನ ಕೀ ತೆಗೆದುಕೊಂಡ. ಊಟ ಮುಗಿಸಿ ಎಲ್ಲರೂ ಕಿರುಗಾವಲಿಗೆ ಹೊರಟರು. ಓಡಿಸುವವನು ಮರಿಸಿದ್ದಯ್ಯನೇ ಎಂದು ತಿಮ್ಮಯ್ಯ ಷರತ್ತು ಹಾಕಿದ. "ನಾನ್ ಓಡ್ಸಿ ಏನಾರ ಆದ್ರೆ ನನ್ ತಲೆಗೆ ಕಟ್ಬುಡ್ತೀಯ."

ಭಾನುವಾರ ಬೆಳಿಗ್ಗೆ ಕಾರಿಗೆ ಅರಿಶಿನ ಕುಂಕುಮ ಇಟ್ಟರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಗುಡಿಯ ಮುಂದೆ ಒಂದು ಸುತ್ತು, ಪಂಚಾಯಿತಿ ಕಚೇರಿಯ ಮುಂದೆ ಒಂದು ಸುತ್ತು, ಟೀ ಅಂಗಡಿಯ ಮುಂದೆ ನಿಲ್ಲಿಸಿ ಗಾಜು ಇಳಿಸಿದ್ದಾಯಿತು. ತಿಮ್ಮಯ್ಯ ಮುಂದಿನ ಸೀಟಿನಲ್ಲಿ ಕೂತು ಎಲ್ಲರಿಗೂ ಕೈ ಮುಗಿದ. ಚುನಾವಣೆಯಲ್ಲಿ ಸೋತ ಮೇಲೆ ಅವನು ಇಷ್ಟು ಜನಕ್ಕೆ ಕೈ ಮುಗಿದದ್ದು ಇದೇ ಮೊದಲು. ಹಿಂದೆ ಪಟ್ಟಲಮ್ಮ ಮತ್ತು ಶಶಿರೇಖಾಳ ನಡುವೆ ಶಾಲಿನಿ ಗಡಿಯಾರ ನೋಡುತ್ತ ಕೂತಿದ್ದಳು.

"ಅಪ್ಪ, ಹೊತ್ತಾಯ್ತದೆ."

"ಕಾರ್ ಕಣಮ್ಮ ಇದು. ಬಸ್ಸಲ್ಲ, ನಿಂತು ನಿಂತು ಓಗಾಕೆ."

ಊರು ದಾಟಿ ಮೊದಲನೆಯ ಹಂಪು ಹಾರಿದಾಗ ಮರಿಸಿದ್ದಯ್ಯನಿಗೆ ಮುಂದಿನಿಂದ ಟಕ್ ಎಂದು ಕೇಳಿಸಿತು. ಎರಡನೆಯ ಹಂಪಿಗೆ ಟಕ್ ಟಕ್. ವಿಡಿಯೊದಲ್ಲಿ ಕೇಳಿದ್ದ ಸದ್ದು, ಕೊಂಚವೂ ವ್ಯತ್ಯಾಸವಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ಯಂತ್ರವೊಂದರ ಬಗ್ಗೆ ಖಚಿತವಾಗಿ ಏನೋ ಗೊತ್ತಾಗಿತ್ತು, ಅದನ್ನು ಹೇಳಲು ಬಾಯಿಯೇ ಉಳಿದಿರಲಿಲ್ಲ. ಆದರೂ ಹೇಳಿದ.

"ಬಾವ, ಮೌಂಟು ಲೂಸಾಗದೆ."

ತಿಮ್ಮಯ್ಯ ನಕ್ಕ. ಪಟ್ಟಲಮ್ಮ ಹಿಂದಿನಿಂದ, "ಮತ್ತೆ ಸುರು ಮಾಡ್ದ. ಅರ್ಧ ದಾರೀಲಿ ಇಳ್ಸಿ ಓಗಾಕೆ ನೋಡ್ತಾವ್ನೆ," ಅಂದಳು.

"ಇಲ್ಲ ಅತ್ತೆ, ಈಗ ನಿಜವಾಗ್ಲೂ."

"ಈಗ ನಿಜವಾಗ್ಲೂ ಅಂದ್ರೆ ನೆನ್ನೆ ಏನು?" ಅಂದಳು ಶಶಿರೇಖಾ.

ಮರಿಸಿದ್ದಯ್ಯ ಓಡಿಸಿದ. ಮಳವಳ್ಳಿಯ ಬಸ್ ನಿಲ್ದಾಣದ ಎದುರು ನಿಧಾನ ಮಾಡಿದ. ಅಲ್ಲಿ ಮದ್ದೂರಿನ ಬಸ್ಸು ಹೊರಡಲು ಗುರುಗುಟ್ಟುತ್ತ ನಿಂತಿತ್ತು.

"ಅಪ್ಪ, ಇಲ್ಲೇ ಇಳ್ಸಿ. ಬಸ್ಸಲ್ಲಿ ಓಯ್ತೀನಿ," ಅಂದಳು ಶಾಲಿನಿ. "ಮಾವ ಹೇಳೋದು ನಿಜ ಇರಬೋದು."

"ಅವ್ನ್ ಮಾತ್ ಕೇಳ್ಕಂಡು ಕಾರಿಂದಿಳಿದು ಬಸ್ ಅತ್ತುಸ್ಲಾ? ನಮ್ಮೂರೋರು ಯಾರಾರ ಆ ಬಸ್ಸಲ್ಲಿದ್ರೆ ನನ್ ಮಕ ಎಲ್ಲಿ ಮಡಗ್ಲಿ? ಓಡ್ಸು ಬಾವ."

ಮರಿಸಿದ್ದಯ್ಯ ಆಗ ಬ್ರೇಕ್ ಒತ್ತಬಹುದಿತ್ತು. ಕಾರು ಅವನದು, ಕಾಲೂ ಅವನದೇ. ಆದರೆ ಹಿಂದಿನ ದಿನದಿಂದ ಅವನ ಮಾತಿಗೆ ಬೆಲೆಯಿರಲಿಲ್ಲ. ಬೆಲೆಯಿಲ್ಲದ ಮನುಷ್ಯ ಬ್ರೇಕನ್ನೂ ಕೇಳಿಯೇ ಒತ್ತುತ್ತಾನೆ. ಓಡಿಸಿದ.

ಮಳವಳ್ಳಿ ದಾಟಿ, ಎರಡೂ ಕಡೆ ಕಬ್ಬು ಎದ್ದು ನಿಂತ ರಸ್ತೆಯಲ್ಲಿ ಟಕ್ ಟಕ್ ಹೋಗಿ ದಡ ದಡ ಬಂತು. ಶಾಖದ ಮುಳ್ಳು ಮೇಲೇರತೊಡಗಿತು. "ಅದು ಬಿಸ್ಲಿಗೆ," ಅಂದ ತಿಮ್ಮಯ್ಯ. ಸೂರ್ಯ ಇನ್ನೂ ತೆಂಗಿನ ಮರಗಳ ಹಿಂದೆಯೇ ಇದ್ದ. ಸ್ವಲ್ಪ ದೂರ ಹೋಗುವುದರಲ್ಲಿ ಬಾನೆಟ್ಟಿನ ಸಂದುಗಳಿಂದ ಬಿಳಿಯ ಹಬೆ ನುಗ್ಗಿ ಗಾಜು ಮುಚ್ಚಿಕೊಂಡಿತು. ಕಾರು ಒಂದು ಸಲ ಕೆಮ್ಮಿ ನಿಂತಿತು.

ಎಲ್ಲರೂ ಇಳಿದರು. ಮರಿಸಿದ್ದಯ್ಯ ಕೈಗೆ ಟವೆಲ್ ಸುತ್ತಿಕೊಂಡು ಬಾನೆಟ್ ಎತ್ತಿ, ಹಬೆ ಕರಗಿದ ಮೇಲೆ ಬಗ್ಗಿ ನೋಡಿದ. ಮೇಲಿನ ಒಂದು ಪಟ್ಟಿ ಕಿತ್ತು ನೇತಾಡುತ್ತಿತ್ತು. ಕೆಳಗಿನ ರಬ್ಬರು ಹರಿದಿತ್ತು. ಹಳೆಯ ರಬ್ಬರಿನಂತೆ ಬಿರುಕು ಬಿಟ್ಟು ಸವೆದದ್ದಲ್ಲ, ಎಳೆದು ಕಿತ್ತದ್ದು. ಹರಿದ ಜಾಗ ಹೊಸ ಚಪ್ಪಲಿಯ ಅಟ್ಟೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಅದುರಿದ ಪೆಟ್ಟಿಗೆ ಪೈಪನ್ನು ಕಳಚಿಕೊಂಡು, ಇದ್ದ ನೀರನ್ನೆಲ್ಲ ಮಳವಳ್ಳಿಯಿಂದ ಇಲ್ಲಿಯವರೆಗೆ ರಸ್ತೆಗೆ ಸುರಿದುಕೊಂಡು ಬಂದಿತ್ತು.

"ನೀವು ಎಳೆದಾಡಿದ್ದಕ್ಕೇ ಕಿತ್ತೋಗಿರೋದು ಬಾವ, ಇಲ್ಲಿ ನೋಡಿ," ಅಂದ.

ತಿಮ್ಮಯ್ಯ ನೋಡಲಿಲ್ಲ. "ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟೋಗಿರೋ ಗಾಡೀಲಿ ನನ್ ಮಗಳ್ನ ಕೂರ್ಸ್ಕಂಡ್ ಬಂದೆ," ಅಂದ. ದನಿ ಏರಿಸಲಿಲ್ಲ. ಅದರಿಂದ ಮರಿಸಿದ್ದಯ್ಯನಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಅಷ್ಟರಲ್ಲಿ ಮಳವಳ್ಳಿಯಲ್ಲಿ ಗುರುಗುಟ್ಟುತ್ತಿದ್ದ ಬಸ್ಸು ಬಂತು. ಶಾಲಿನಿ ರಸ್ತೆಗೆ ಓಡಿ ಕೈ ಅಡ್ಡ ಹಿಡಿದಳು. ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಕಂಡಕ್ಟರು ಕೈಯಾಡಿಸಿ ಹಿಂದೆ ಇನ್ನೊಂದಿದೆ ಎಂಬಂತೆ ತೋರಿಸಿದ. ಹಿಂದೆ ಏನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಮದ್ದೂರಿನ ಮಾರುಕಟ್ಟೆಗೆ ಎಳನೀರು ಹೊತ್ತ ಗೂಡ್ಸ್ ಆಟೊ ಒಂದು ಸಿಕ್ಕಿತು. ಶಾಲಿನಿ ಡ್ರೈವರಿನ ಪಕ್ಕದಲ್ಲಿ ಮುದುರಿಕೊಂಡಳು. ತಿಮ್ಮಯ್ಯ ಇಸ್ತ್ರಿ ಪಂಚೆಯಲ್ಲಿ ಎಳನೀರಿನ ರಾಶಿಯ ಮೇಲೆ ಹತ್ತಿ ಕೂತ. ಆಟೊ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಮರಿಸಿದ್ದಯ್ಯನ ಕಡೆಯೇ ನೋಡುತ್ತಿದ್ದ.

ಮದ್ದೂರಿನಲ್ಲಿ ಪರೀಕ್ಷಾ ಕೇಂದ್ರದ ಗೇಟು ಮುಚ್ಚಿತ್ತು. ತಿಮ್ಮಯ್ಯ ತಾನು ಯಾರೆಂದು ಹೇಳಿಕೊಂಡ, ತನಗೆ ಯಾರು ಯಾರು ಗೊತ್ತೆಂದು ಹೇಳಿಕೊಂಡ, ಕೊನೆಗೆ ಕಾವಲಿನವನ ಕಾಲು ಹಿಡಿಯಲೂ ಬಗ್ಗಿದ. "ಬೆಲ್ ಆದ್ಮೇಲೆ ಯಾರನ್ನೂ ಬಿಡಂಗಿಲ್ಲ ಯಜಮಾನ್ರೆ, ನನ್ ಕೆಲ್ಸ ಓಯ್ತದೆ," ಅಂದ ಅವನು. ಗೇಟಿನಾಚೆ ಮರದ ನೆರಳಿನಲ್ಲಿ ಬೇರೆಯವರ ಚಪ್ಪಲಿ, ಬ್ಯಾಗುಗಳು ಸಾಲಾಗಿದ್ದವು. ಶಾಲಿನಿ ಅವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, "ಬನ್ನಿ ಅಪ್ಪ," ಅಂದಳಂತೆ. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿತ್ತು.

ಆಮೇಲಿನದು ನೆಂಟರಿಷ್ಟರ ಕೆಲಸ. ಕಿರುಗಾವಲಿನಲ್ಲಿ ಮರಿಸಿದ್ದಯ್ಯ, ಹೆಂಡತಿಯ ಅಣ್ಣನ ಮಗಳು ಅಧಿಕಾರಿಯಾದರೆ ತನ್ನ ಗುಮಾಸ್ತಿಕೆಗೆ ಬೆಲೆ ಇರುವುದಿಲ್ಲವೆಂದು ಬೇಕೆಂದೇ ಕಾರು ಕೆಡಿಸಿದವನಾದ. ಮಳವಳ್ಳಿಯ ಹೊತ್ತಿಗೆ ಅವನು ನಟ್ಟು ಬಿಚ್ಚಿದ್ದನ್ನು ನೋಡಿದವರೂ ಹುಟ್ಟಿಕೊಂಡಿದ್ದರು. ಮಂಡ್ಯದ ಬೀದಿಯಲ್ಲಿ ನಾಗಯ್ಯ, "ನಾನು ಅವತ್ತೇ ಅಲ್ಲಾಡಿಸಿ ನೋಡ್ದಾಗ್ಲೇ ಅಂದ್ಕಂಡೆ, ಇದು ಬಹಳ ದಿನ ಬರಲ್ಲ ಅಂತ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹತ್ತು ವರ್ಷದ ಮಾತನ್ನು ನೆನಪಿಸಿದರೆ, "ಅದು ಇಂಜಿನ್ನಿನ ಬಗ್ಗೆ ಹೇಳಿದ್ದು," ಅಂದ. ಪಟ್ಟಲಮ್ಮ ಮಗಳ ಮನೆಗೆ ಬರುವುದನ್ನು ಬಿಟ್ಟಳು. ಶಶಿರೇಖಾ ಗಂಡನೊಂದಿಗೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಅವನಿಗೆ ಸ್ವಲ್ಪ ನೆಮ್ಮದಿಯಿರುತ್ತಿತ್ತು. ಗಾಡಿ ಚೆನ್ನಾಗಿತ್ತು ಎಂದರೆ ಅವನು ಸುಳ್ಳುಗಾರ. ಕೆಟ್ಟಿತ್ತು ಎಂದರೆ ಗೊತ್ತಿದ್ದೂ ಕೂರಿಸಿಕೊಂಡು ಹೋದ ಪಾಪಿ. ಎರಡರಲ್ಲಿ ಯಾವುದು ವಾಸಿ ಎಂದು ಲೆಕ್ಕ ಹಾಕುತ್ತ ಮರಿಸಿದ್ದಯ್ಯ ಶಾಲೆಯ ಹಾಜರಾತಿಯಲ್ಲಿ ರಜೆಯ ಮೇಷ್ಟ್ರುಗಳನ್ನೆಲ್ಲ ಹಾಜರು ಮಾಡಿಬಿಟ್ಟ. ಅದಕ್ಕೊಂದು ಮೆಮೊ ಬಂತು.

ಒಂದು ಮಧ್ಯಾಹ್ನ ಶಾಲಿನಿ ಮಂಡ್ಯಕ್ಕೆ ಬಂದವಳು ಮನೆಗೆ ಬಂದಳು. ಶಶಿರೇಖಾ ಅಂಗಡಿಗೆ ಹೋಗಿದ್ದಳು. ಮರಿಸಿದ್ದಯ್ಯ ನೀರು ತಂದುಕೊಟ್ಟು, ಕೂರಲೋ ನಿಲ್ಲಲೋ ತಿಳಿಯದೆ ಫ್ಯಾನಿನ ಸ್ವಿಚ್ಚನ್ನು ಎರಡು ಸಲ ಹಾಕಿ ತೆಗೆದ.

"ಮದುವೆ ಗೊತ್ತಾಗದೆ ಮಾವ," ಅಂದಳು ಶಾಲಿನಿ. "ಮೊದಲು ಬೇಡ ಅಂದಿದ್ನಲ್ಲ, ಬೆಸಗರಹಳ್ಳಿಯೋರು. ಅವ್ರೇ. ಮದುವೆ ಆದ್ಮೇಲೆ ಸ್ಕೂಲಿಗೆ ಓಗೋದು ಬೇಡ ಅಂದವ್ರೆ. ಅಪ್ಪ ಒಪ್ಕಂಡವ್ರೆ."

"ಒಳ್ಳೇದಾಗ್ಲಿ ಕಣಮ್ಮ," ಅಂದ ಮರಿಸಿದ್ದಯ್ಯ. ಹೇಳಿದ ಮೇಲೆ ಆ ಮಾತು ಅವನಿಗೇ ಕೆಟ್ಟದಾಗಿ ಕೇಳಿಸಿತು.

"ಒಂದ್ ಕೇಳ್ಲಾ ಮಾವ? ಆ ಶನಿವಾರ, ಅಪ್ಪ ಕೈ ಹಾಕೋಕ್ ಮುಂಚೆ, ಅದು ಲೂಸಾಗಿತ್ತಾ?"

ಸುಳ್ಳುಗಾರನೋ ಪಾಪಿಯೋ ಎಂಬ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಮರಿಸಿದ್ದಯ್ಯ ಗೋಡೆ ನೋಡಿದ. "ಸ್ವಲ್ಪ... ಸ್ವಲ್ಪ ಆಡ್ತಿತ್ತು ಕಣಮ್ಮ."

"ಇರ್ಲಿಲ್ಲ ಮಾವ. ಅಪ್ಪ ಎಳೀವಾಗ ಎಲ್ರೂ ರೇಡಿಯೇಟ್ರು ನೋಡ್ತಿದ್ರು. ನಾನು ನಿಮ್ಮ ಮಕ ನೋಡ್ತಿದ್ದೆ."

ಅವನ ಕೈ ಮತ್ತೆ ಫ್ಯಾನಿನ ಸ್ವಿಚ್ಚಿಗೆ ಹೋಯಿತು.

"ನಂಗೆ ಅವತ್ತು ಖುಷಿಯಾಗಿತ್ತು," ಅಂದಳು ಶಾಲಿನಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮಾವ ಸುಳ್ಳು ಹೇಳ್ತಾವ್ರೆ, ಸದ್ಯ, ಅಪ್ಪ ನಂಬುದ್ರೆ ಬಸ್ಸಲ್ಲಿ ಓಗ್ಬೋದು ಅಂತ. ನೀವು ಇನ್ನೊಂದ್ ಚೂರು ಚೆನ್ನಾಗಿ ಸುಳ್ಳು ಹೇಳ್ಬೇಕಿತ್ತು."

ಲೋಟ ಕೆಳಗಿಟ್ಟು ಎದ್ದಳು. ಮರಿಸಿದ್ದಯ್ಯನಿಗೆ ಏನಾದರೂ ಮಾಡಬೇಕೆನಿಸಿತು. ಮಾಡಲು ಏನೂ ಇಲ್ಲದಾಗ ಮನುಷ್ಯ ಹಿಡಿಯುವುದನ್ನೇ ಹಿಡಿದ. ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು, "ಹೊಸ ಮೌಂಟು ಹಾಕ್ಸಿದೀನಿ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ ಬಾ," ಅಂದ.

"ಬೇಡ ಮಾವ. ನಡೆದ್ರೆ ಬೇಗ ಓಗ್ಬೋದು."

ಅವಳು ಬಿಸಿಲಿನಲ್ಲಿ ಸೆರಗು ತಲೆಗೆಳೆದುಕೊಂಡು ಬೀದಿಯ ಕೊನೆಗೆ ನಡೆದು ತಿರುಗಿದಳು. ಮರಿಸಿದ್ದಯ್ಯ ಕೀ ಹಿಡಿದು ಗೇಟಿನಲ್ಲೇ ನಿಂತಿದ್ದ. ಕಾಂಪೌಂಡಿನ ಮೇಲಿನಿಂದ ನಾಗಯ್ಯನ ತಲೆ ಎದ್ದಿತು.

"ತಿಮ್ಮಯ್ಯನ ಮಗಳಲ್ವಾ? ಏನಂತೆ, ಮತ್ತೆ ಗಾಡಿ ಕೇಳಕ್ಕೆ ಬಂದಿದ್ಲಾ?"

"ಇಲ್ಲ," ಅಂದ ಮರಿಸಿದ್ದಯ್ಯ. "ಕೊಡ್ತೀನಿ ಅಂದೆ. ಬೇಡ ಅಂದ್ಲು."